ಮರದ ಮೇಲೆ ಬಾಯಿ ಮುಚ್ಚಿಕೊಂಡಿದ್ದು

ಆ ಭಾನುವಾರ ಬೆಳಿಗ್ಗೆ ಐದಕ್ಕೇ ಮಗಳು ನನ್ನ ಹೊದಿಕೆ ಎಳೆದಳು. ಶಾಲೆ ಇದ್ದ ದಿನ ಈಕೆಯನ್ನು ಎಬ್ಬಿಸಲು ನಾನು ಗಂಟಲು ಹರಿದುಕೊಳ್ಳಬೇಕು. ಅವತ್ತು ಸ್ನಾನ ಮುಗಿಸಿ, ಎರಡು ಜಡೆ ಹಾಕಿಕೊಂಡು, ಬೂಟಿನ ಲೇಸು ಕಟ್ಟಿ ತಯಾರಾಗಿ ನಿಂತಿದ್ದಳು. “ಅಮ್ಮ, ಏಳು. ತಡ ಆದ್ರ ಲೋಣಾವಳಾದಾಗ ಟ್ರಾಫಿಕ್ ಹತ್ತತದ,” ಎಂದಳು. ಹದಿಮೂರು ವರ್ಷದವಳಿಗೆ ಟ್ರಾಫಿಕ್ಕಿನ ಚಿಂತೆ! ನನಗೆ ನಗು ಬಂತು.

ನಾವು ಹೊರಟಿದ್ದು ಲೋಣಾವಳಾದ ಆಚೆ, ಗುಡ್ಡದ ಕಾಡಿನಲ್ಲಿ ಹೊಸದಾಗಿ ಆಗಿರುವ ಒಂದು ಪಾರ್ಕಿಗೆ. ಅಲ್ಲಿ ಮರದಿಂದ ಮರಕ್ಕೆ ಹಗ್ಗದ ಸೇತುವೆ, ತೂಗುವ ಹಲಗೆ, ಬಲೆ ಕಟ್ಟಿದ್ದಾರೆ. ನೆಲಕ್ಕೆ ಕಾಲಿಡದೆ ಹನ್ನೆರಡು ಮರ ದಾಟಬೇಕು. ಕೊನೆಗೆ ಜಿಪ್‌ಲೈನಿಗೆ ಜೋತುಬಿದ್ದು ಕಣಿವೆಯ ಮೇಲೆ ಹಾರಿ ಆಚೆ ಇಳಿಯಬೇಕು. ಉಳಿದವರು ಅಲ್ಲಿಗೆ ಮಜಾ ಮಾಡಲು ಹೋಗುತ್ತಾರೆ. ನಾವು ಹೋದದ್ದು ಒಂದು ಸಹಿಯ ಸಲುವಾಗಿ.

ಮಗಳ ಶಾಲೆಯವರು ರಜೆಯಲ್ಲಿ ನಾಲ್ಕು ದಿನ ಮಕ್ಕಳನ್ನು ಸಹ್ಯಾದ್ರಿಯ ಕೋಟೆಗಳಿಗೆ ಚಾರಣಕ್ಕೆ ಕರೆದೊಯ್ಯುವವರಿದ್ದರು. ಒಪ್ಪಿಗೆಯ ಫಾರ್ಮು ಎರಡು ವಾರದಿಂದ ನಮ್ಮ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿತ್ತು. ತರಗತಿಯ ಎಲ್ಲರ ಮನೆಯಲ್ಲೂ ಸಹಿ ಆಗಿತ್ತು, ನಮ್ಮ ಮನೆಯೊಂದನ್ನು ಬಿಟ್ಟು. ಯಾಕೆಂದರೆ ನಮ್ಮ ಮನೆಯಲ್ಲಿ ಸಹಿ ಮಾಡುವವಳು ನಾನು.

ನಾನು ಇಪ್ಪತ್ತು ವರ್ಷದಿಂದ ಭೋಸರಿಯ ಒಂದು ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸ ಮಾಡುತ್ತೇನೆ. ಕ್ರೇನಿಗೆ ಹಾಕುವ ಹುಕ್ಕು, ಸರಪಳಿ, ವಾಯರ್ ರೋಪು, ಎಲ್ಲ ಭಾರ ಎತ್ತುವ ಸಾಮಾನು. ಒಂದೊಂದನ್ನೂ ಎಳೆದು, ತಿರುಗಿಸಿ, ಬೆಳಕಿಗೆ ಹಿಡಿದು ನೋಡುವುದು ನನ್ನ ಕೆಲಸ. ಕೂದಲಿನಷ್ಟು ಸೀಳು ಕಂಡರೂ ಕೆಂಪು ಬಣ್ಣ ಬಳಿದು ಬದಿಗೆ ಎಸೆಯುತ್ತೇನೆ. ಹಾಗೆ ಎಸೆದದ್ದನ್ನು ಯಾರೂ ಮತ್ತೆ ಎತ್ತಿಕೊಳ್ಳುವ ಹಾಗಿಲ್ಲ. ನನ್ನ ಕೈಕೆಳಗಿನವರು ನನಗೆ ಹೆದರುತ್ತಾರೆ, ಅದರಲ್ಲಿ ನನಗೆ ಹೆಮ್ಮೆಯೂ ಇದೆ, ಸುಳ್ಳು ಯಾಕೆ ಹೇಳಲಿ.

ಮೂರು ವರ್ಷದ ಹಿಂದೆ ಮಗಳು ನಮ್ಮ ಹೌಸಿಂಗ್ ಸೊಸೈಟಿಯ ಇಳಿಜಾರಿನಲ್ಲಿ ಎರಡೂ ಕೈ ಬಿಟ್ಟು ಸೈಕಲ್ ಹೊಡೆದು, ಬಿದ್ದು, ಮುಂಗೈ ಮುರಿದುಕೊಂಡಳು. ಪ್ಲಾಸ್ಟರ್ ಬಿಚ್ಚುವ ಮೊದಲೇ ಸೈಕಲ್ಲನ್ನು ಗುಜರಿಯವನಿಗೆ ಕೊಟ್ಟುಬಿಟ್ಟೆ. ಆಮೇಲೆ ಸ್ಕೇಟಿಂಗ್ ಬಂದ್. ಈಜು ಬಂದ್. ಟೆರೇಸಿಗೆ ಹೋಗುವುದೂ ಬಂದ್. ಧಾರವಾಡದಿಂದ ಬೆಳಗಾವಿವರೆಗೆ ನಮ್ಮ ನೆಂಟರಲ್ಲಿ ಈಕೆ ಕೈ ಬಿಟ್ಟು ಸೈಕಲ್ ಹೊಡೆದ ಕಥೆ ಗೊತ್ತಿಲ್ಲದವರು ಯಾರೂ ಇಲ್ಲ, ಎಲ್ಲರಿಗೂ ನಾನೇ ಫೋನ್ ಮಾಡಿ ಹೇಳಿದ್ದೆ.

ಚಾರಣದ ಮಾತು ಬಂದಾಗ ಮನೆಯಲ್ಲಿ ದೊಡ್ಡ ರಂಪವಾಯಿತು. ಮಗಳು ಊಟ ಬಿಟ್ಟಳು. ನನ್ನ ಗಂಡ ವಿಮಾನ ನಗರದ ಒಂದು ಆಫೀಸಿನಲ್ಲಿ ದಿನವಿಡೀ ಬೇರೆಯವರ ಜಗಳ ಬಿಡಿಸುವ ಮನುಷ್ಯ; ಅವರೇ ನಡುವೆ ಬಂದರು.

“ಏ ತಾಯಿ, ಒಂದ ಸರ್ತಿ ಬಿದ್ದಾಳಂತ ಜೀವನಪೂರ್ತಿ ಕೂಡಿಸಿ ಇಡ್ತೀಯೇನು? ಹಿಂಗ ಮಾಡೂಣು. ಆ ಮರದ ಪಾರ್ಕಿಗೆ ಹೋಗೂಣು. ಆಕಿ ಪೂರಾ ದಾಟಿದ್ರ ನೀ ಸಹಿ ಮಾಡು. ಇಲ್ಲಂದ್ರ ಆಕಿ ಮತ್ತ ಕೇಳಂಗಿಲ್ಲ.”

“ಪೂರಾ ದಾಟಿದ್ರ ಸಾಲಂಗಿಲ್ರೀ,” ಎಂದೆ ನಾನು. “ಒಂದ ತಪ್ಪು ಮಾಡಿದ್ರೂ ಸಹಿ ಇಲ್ಲ. ಆಕಿ ಹಿಂದ ನಾನೂ ಹತ್ತಿ ನೋಡಾಕಿ.”

ಮಗಳು ತಟ್ಟೆ ಎಳೆದುಕೊಂಡು ಭಕ್ಕರಿ ಮುರಿದಳು. “ಹತ್ತು. ಆದ್ರ ಮ್ಯಾಲ ಹೋದ ಮ್ಯಾಲ ನೀ ಬಾಯಿ ತೆಗೀಬಾರದು. ಒಂದ ಮಾತೂ.”

ಆಗಲಿ ಎಂದೆ. ನನ್ನ ಗಂಡ ಬಿದ್ದು ಬಿದ್ದು ನಕ್ಕರು. ನಾನು ಹತ್ತು ನಿಮಿಷ ಬಾಯಿ ಮುಚ್ಚಿಕೊಂಡಿದ್ದನ್ನು ಅವರು ಮದುವೆಯ ದಿನ ಬಿಟ್ಟರೆ ನೋಡಿಯೇ ಇಲ್ಲವಂತೆ.

ಹೀಗೆ ಅವತ್ತು ಎಂಟೂವರೆಗೆ ನಾವು ಆ ಕಾಡಿನಲ್ಲಿದ್ದೆವು. ಮಳೆಗಾಲ ಮುಗಿದು ಸ್ವಲ್ಪ ದಿನವಾಗಿತ್ತು, ಗುಡ್ಡ ಇನ್ನೂ ಹಸಿರಾಗಿತ್ತು. ತಲೆಯೆತ್ತಿ ನೋಡಿದರೆ ಮರಗಳ ನಡುವೆ ಹಗ್ಗ, ಹಲಗೆ, ಅದರ ಮೇಲೆ ಬಣ್ಣಬಣ್ಣದ ಹೆಲ್ಮೆಟ್ಟಿನ ಜನ ಕಿರುಚುತ್ತ ಹೋಗುತ್ತಿದ್ದರು. ಮಗಳು ನಿಂತಲ್ಲೇ ಕುಣಿದಳು. ನನ್ನ ಗಂಡನಿಗೆ ಮೊಣಕಾಲು ನೋವು, ಅವರು ಕೆಳಗೇ ಇದ್ದು ವಿಡಿಯೋ ತೆಗೆಯುವುದೆಂದು ಮೊದಲೇ ಆಗಿತ್ತು. ಅವರ ಹಳೆಯ ಟ್ರ್ಯಾಕ್ ಪ್ಯಾಂಟು ಹಾಕಿಕೊಂಡು, ಸೊಂಟಕ್ಕೆ ತೊಡೆಗೆ ಪಟ್ಟಿ ಬಿಗಿಸಿಕೊಂಡು, ಹೆಲ್ಮೆಟ್ಟಿನೊಳಗೆ ತುರುಬು ತುರುಕಿ ನಿಂತ ನನ್ನನ್ನು ನೋಡಿ, “ಏನ್ ಕಳಾ, ಏನ್ ಕಳಾ!” ಎಂದು ಮೊದಲ ವಿಡಿಯೋ ಅಲ್ಲೇ ತೆಗೆದರು.

ಪಾರ್ಕಿನ ತರಬೇತಿಯವಳು ಇಪ್ಪತ್ತೈದರ ಮರಾಠಿ ಹುಡುಗಿ. ನಾನು ಅವಳ ತಲೆ ತಿಂದೆ. ಈ ವಾಯರ್ ರೋಪು ಯಾವಾಗ ಹಾಕಿದ್ದು, ಎಷ್ಟು ಭಾರ ತಡೆಯುತ್ತದೆ, ಯಾರು ಪರೀಕ್ಷೆ ಮಾಡಿದ್ದು, ಕಾಗದ ತೋರಿಸು ಎಂದೆ. ಅವಳು ನಗುನಗುತ್ತ ಕಾಗದ ತೋರಿಸಿದಳು. ಎಲ್ಲ ಸರಿಯಾಗಿತ್ತು. ರೋಪಿನ ಮೇಲೆ ಕೈಯಾಡಿಸಿದೆ, ಅದೂ ಚೊಕ್ಕಟವಾಗಿತ್ತು. “ಕಾಕೂ, ಘಾಬರೂ ನಕಾ,” ಎಂದಳು. ಹೆದರಬೇಡಿ ಅಂದದ್ದಕ್ಕಿಂತ ಕಾಕೂ, ಅಂದರೆ ಚಿಕ್ಕಮ್ಮ, ಅಂದದ್ದಕ್ಕೆ ನನಗೆ ಹೆಚ್ಚು ಉರಿಯಿತು.

ಅವಳು ಹೇಳಿಕೊಟ್ಟ ನಿಯಮ ಒಂದೇ. ಪ್ರತಿಯೊಬ್ಬರ ಸೊಂಟದಿಂದ ಎರಡು ಹುಕ್ಕು ಜೋತಾಡುತ್ತವೆ, ಬೀಳದಂತೆ ಅವನ್ನು ವಾಯರ್ ರೋಪಿನ ತಂತಿಗೆ ಸಿಕ್ಕಿಸಿಕೊಂಡಿರಬೇಕು. ಮರದಿಂದ ಮುಂದಿನ ಸೇತುವೆಗೆ ಹೋಗುವಾಗ ಒಂದು ಹುಕ್ಕು ಬಿಚ್ಚಿ ಮುಂದಿನ ತಂತಿಗೆ ಹಾಕಬೇಕು, ಆಮೇಲೆ ಎರಡನೆಯದು. ಎರಡನ್ನೂ ಒಟ್ಟಿಗೆ ಬಿಚ್ಚಬಾರದು, ಒಂದಾದರೂ ಯಾವಾಗಲೂ ತಂತಿಯ ಮೇಲಿರಲೇಬೇಕು. ನಾನು ಮಗಳ ಮುಖಕ್ಕೆ ಬೆರಳು ತೋರಿಸಿದೆ. ಈ ನಿಯಮ ಒಮ್ಮೆ ತಪ್ಪಿದರೂ ಫಾರ್ಮು ಹರಿದು ಹಾಕುತ್ತೇನೆ ಎಂದೆ. ಅವಳು ತುಟಿಯ ಮೇಲೆ ಬೆರಳಿಟ್ಟು ನನ್ನ ಮಾತು ನೆನಪಿಸಿ, ಏಣಿ ಹತ್ತಿದಳು.

ಮೊದಲ ಸೇತುವೆಯ ಹಲಗೆಗಳು ಕಾಲಿಟ್ಟರೆ ಪಕ್ಕಕ್ಕೆ ಜಾರುತ್ತಿದ್ದವು. ಮಗಳು ಪಟಪಟನೆ ದಾಟಿದಳು. ನಾನು ಪ್ರತಿ ಹಲಗೆಗೂ ಕುಲದೇವರನ್ನು ನೆನೆಯುತ್ತ ದಾಟಿದೆ. ಎರಡನೆಯದು ಬಲೆ, ಅದರಲ್ಲಿ ನನ್ನ ಕಾಲು ಸಿಕ್ಕಿ ನಾನು ಮಲಗಿಯೇಬಿಟ್ಟೆ. ಮಗಳು ಆ ಕಡೆ ಮರ ತಬ್ಬಿಕೊಂಡು ನಕ್ಕ ನಗು ಇಡೀ ಕಾಡಿಗೆ ಕೇಳಿಸಿರಬೇಕು. ಮೂರನೆಯದು ತೂಗುವ ದಿಮ್ಮಿ. ನಾಲ್ಕನೆಯದರಲ್ಲಿ ಡ್ರಮ್ಮಿನೊಳಗೆ ತೂರಬೇಕು. ಅಷ್ಟು ಹೊತ್ತಿಗೆ ನನ್ನ ಮೈ ಬೆವರಿ ತೊಪ್ಪೆಯಾಗಿತ್ತು, ಬಾಯಿ ಒಣಗಿತ್ತು. ಆದರೆ ದೇವರಾಣೆ, ಎಷ್ಟು ಖುಷಿಯಾಗಿತ್ತು! ಪ್ರತಿ ಮರ ಮುಟ್ಟಿದಾಗಲೂ ಎದೆಯೊಳಗೆ ಯಾರೋ ಡೋಲು ಬಡಿದಂತಾಗುತ್ತಿತ್ತು. ನಲವತ್ತೇಳನೇ ವಯಸ್ಸಿನಲ್ಲಿ ಮರ ಹತ್ತುತ್ತಿದ್ದೇನಲ್ಲ ಎಂದು ನನಗೇ ನಂಬಿಕೆ ಬರುತ್ತಿರಲಿಲ್ಲ.

ಕಷ್ಟ ಅಂದರೆ ಮಾತಾಡದೆ ಇರುವುದು. “ಬಗ್ಗು”, “ಹಿಡಕೋ”, “ಸಾವಕಾಶ” ಎಲ್ಲ ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿದ್ದವು. ಬಾಯಿ ಕಟ್ಟಿಹಾಕಿದ್ದರಿಂದ ಇರುವ ಶಕ್ತಿಯೆಲ್ಲ ಕಣ್ಣಿಗೆ ಬಂದಿತ್ತು. ಮಗಳ ಹುಕ್ಕುಗಳ ಮೇಲೆ ಇಟ್ಟ ಕಣ್ಣನ್ನು ನಾನು ಕೀಳಲಿಲ್ಲ. ಅವಳು ಒಂದು ಹಾಕುತ್ತಿದ್ದಳು, ಎಳೆದು ನೋಡುತ್ತಿದ್ದಳು, ಆಮೇಲೆ ಇನ್ನೊಂದು. ಆರು ಮರ ಮುಗಿದರೂ ಒಂದೇ ಒಂದು ತಪ್ಪಿಲ್ಲ. ಎಳೆದು ನೋಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ, ತಾನೇ ಮಾಡುತ್ತಿದ್ದಳು.

ಏಳನೇ ಮರ ಎಲ್ಲಕ್ಕಿಂತ ಎತ್ತರದ್ದು, ಮೂವತ್ತು ಅಡಿ. ಕಾಂಡದ ಸುತ್ತ ಕಟ್ಟಿದ್ದ ಸಣ್ಣ ಅಟ್ಟದ ಮೇಲೆ ಇಬ್ಬರೂ ನಿಂತಿದ್ದೆವು. ಮಗಳು ಮುಂದಿನ ತಂತಿಗೆ ಒಂದು ಹುಕ್ಕು ಹಾಕಿದಳು, ಎರಡನೆಯದನ್ನೂ ಹಾಕಿದಳು. ಆ ಎರಡನೆಯದರ ಬಾಯಿ ಸರಿಯಾಗಿ ಮುಚ್ಚಿತೋ ಇಲ್ಲವೋ ನನಗೆ ಕಾಣಲಿಲ್ಲ, ಮರ ಅಡ್ಡ ಬಂತು. ಕಾಂಡವನ್ನು ಬಳಸಿ ಆಚೆ ಹೋಗೋಣವೆಂದರೆ ನನ್ನ ಹುಕ್ಕುಗಳು ಜಗ್ಗಿದವು. ಬಿಚ್ಚಿದೆ, ಮುಂದಕ್ಕೆ ಬಾಗಿದೆ. ಅವಳ ಹುಕ್ಕಿನ ಬಾಯಿ ಭದ್ರವಾಗಿ ಮುಚ್ಚಿತ್ತು. ಸಮಾಧಾನವಾಯಿತು.

ಮಗಳು ಒಂದು ಕಾಲು ಹಲಗೆಯ ಮೇಲಿಟ್ಟು, ಹಲ್ಲು ಕಿರಿಯಲು ನನ್ನ ಕಡೆ ತಿರುಗಿದವಳು ಹಾಗೇ ನಿಂತಳು. ನಗು ಮಾಯವಾಯಿತು.

“ಅಮ್ಮ. ಅಲ್ಲಾಡಬ್ಯಾಡ. ಮರ ಹಿಡಕೋ.”

ನನಗೆ ಏನೂ ತಿಳಿಯಲಿಲ್ಲ. ಅವಳ ಕಣ್ಣು ಹೋದ ಕಡೆ ನೋಡಿದೆ. ನನ್ನ ಎರಡೂ ಹುಕ್ಕು ನನ್ನ ಎಡಗೈಯಲ್ಲಿದ್ದವು.

ಮೂವತ್ತು ಅಡಿ ಕೆಳಗೆ ಕಲ್ಲುಗಳು ಬಿಸಿಲಿಗೆ ಹೊಳೆಯುತ್ತಿದ್ದವು, ನಾನು ಅಟ್ಟದ ತುದಿಯಲ್ಲಿ ಬಾಗಿ ನಿಂತಿದ್ದೆ, ನನ್ನನ್ನು ಹಿಡಿದುಕೊಂಡದ್ದು ಏನೂ ಇರಲಿಲ್ಲ. ಮಗಳು ಕಾಲು ಹಿಂದಕ್ಕೆ ತೆಗೆದುಕೊಂಡು ಬಂದಳು. ಒಂದು ಕೈಯಲ್ಲಿ ನನ್ನ ಸೊಂಟದ ಪಟ್ಟಿ ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯಿಂದ ಹುಕ್ಕು ತೆಗೆದುಕೊಂಡು ಕಾಂಡಕ್ಕೆ ಸುತ್ತಿದ್ದ ತಂತಿಗೆ ಹಾಕಿದಳು. ಟಕ್ ಎಂದಿತು. ಎಳೆದು ನೋಡಿದಳು. ಎರಡನೆಯದನ್ನೂ ಹಾಕಿದಳು, ಅದನ್ನೂ ಎಳೆದು ನೋಡಿದಳು. ಅವಳ ಕೈ ಒಂದಿಷ್ಟೂ ನಡುಗಲಿಲ್ಲ. ಒಮ್ಮೆ ಮುರಿದಿದ್ದ ಆ ಮುಂಗೈಯನ್ನೇ ನಾನು ನೋಡುತ್ತಿದ್ದೆ.

“ಉಸಿರು ತಗೋ,” ಎಂದಳು. “ಕೆಳಗ ನೋಡಬ್ಯಾಡ.”

ನಾನು ಏನೋ ಹೇಳಹೋದೆ. ಅವಳು ನನ್ನ ಬಾಯಿಯ ಮೇಲೆ ಕೈಯಿಟ್ಟಳು. “ಮಾತಾಡಬಾರದಂತ ಮಾತಾಗೇದ.”

ದೂರದ ಮರದಿಂದ ತರಬೇತಿಯವಳು ಎಲ್ಲ ಸರಿಯಿದೆಯಾ ಎಂದು ಕೂಗಿದಳು. “ಹೋ ತಾಈ, ಠೀಕ್ ಆಹೇ!” ಎಂದು ಮಗಳು ಕೈಬೀಸಿದಳು.

ಅಲ್ಲಿಂದ ಮುಂದೆ ನಾನು ಅವಳ ಹುಕ್ಕು ನೋಡಲಿಲ್ಲ. ನನ್ನವನ್ನು ಮಾತ್ರ ನೋಡಿಕೊಂಡೆ, ಅವಳು ಮಾಡಿದಂತೆ ಪ್ರತಿ ಸಲ ಎಳೆದು ನೋಡಿದೆ. ಎಂಟು, ಒಂಬತ್ತು, ಹತ್ತು. ಭಯ ಹೇಗೆ ಬಂತೋ ಹಾಗೇ ಇಳಿಯಿತು, ಹೋಗುವಾಗ ನನ್ನನ್ನು ಹಗುರ ಮಾಡಿ ಹೋಯಿತು. ಹನ್ನೊಂದನೆಯ ಮರ ಮುಟ್ಟಿದಾಗ ನಾನೇ ಮೊದಲು ನಕ್ಕೆ.

ಕೊನೆಯ ಮರದಲ್ಲಿ ಜಿಪ್‌ಲೈನ್. ತರಬೇತಿಯವಳು ತಾನೇ ಬಂದು ಗಾಲಿ ಸಿಕ್ಕಿಸಿ, ತಾನೇ ಪರೀಕ್ಷೆ ಮಾಡಿದಳು. ಮಗಳು ನನ್ನ ಕಡೆ ನೋಡಲೂ ಇಲ್ಲ. ಓಡಿ ಹಾರಿಬಿಟ್ಟಳು! ತಂತಿ ಝೂಂಯ್ ಎಂದಿತು, ಎರಡು ಜಡೆ ಹಿಂದಕ್ಕೆ ಹಾರಿದವು, ಕಣಿವೆ ತುಂಬ ಅವಳ ಕೂಗು ಕೇಳಿತು. ನೋಡನೋಡುತ್ತಿದ್ದಂತೆ ಆಚೆಯ ಗುಡ್ಡದಲ್ಲಿ ಸಣ್ಣ ಕೆಂಪು ಚುಕ್ಕೆಯಾದಳು.

“ಕಾಕೂ, ಚಲಾ!” ಎಂದಳು ತರಬೇತಿಯವಳು. ಕಣ್ಣು ಮುಚ್ಚಿ ಕಾಲು ಬಿಟ್ಟೆ.

ಅಯ್ಯಯ್ಯಯ್ಯೋ! ಹೊಟ್ಟೆ ಮರದಲ್ಲೇ ಉಳಿಯಿತು, ಮೈ ಮುಂದೆ ಹೋಯಿತು. ಗಾಳಿ ಕೆನ್ನೆಗೆ ಬಡಿಯಿತು. ಕಣ್ಣು ಬಿಟ್ಟರೆ ಕಾಲ ಕೆಳಗೆ ಮರಗಳ ನೆತ್ತಿ, ಅದರ ಕೆಳಗೆ ಬೆಳ್ಳಗೆ ಒಂದು ಹಳ್ಳ. ಒಂದು ತಾಸು ಕಟ್ಟಿಟ್ಟ ಬಾಯಿ ಬಿಚ್ಚಿಕೊಂಡಿತು. ಏನು ಕೂಗಿದೆನೋ ನನಗೆ ಗೊತ್ತಿಲ್ಲ, ಕನ್ನಡ, ಮರಾಠಿ ಎಲ್ಲ ಕೂಡಿತ್ತು. ಕೂಗುತ್ತ ಕೂಗುತ್ತ ನಗುವಾಯಿತು, ನಗುತ್ತಲೇ ಆಚೆ ಹೋಗಿ ಮಗಳ ಮೇಲೆ ಬಿದ್ದೆ. ಇಬ್ಬರೂ ಮಣ್ಣಿನಲ್ಲಿ ಉರುಳಿದೆವು.

ಗಂಡ ಮೂರು ವಡಾಪಾವ್ ಹಿಡಿದುಕೊಂಡು ಬಂದರು. ಅವರ ವಿಡಿಯೋದಲ್ಲಿ ಬರೀ ಎಲೆಗಳಿದ್ದವು. “ಏನಾತು? ತಪ್ಪು ಗಿಪ್ಪು ಮಾಡಿದಳೇನು?” ಎಂದು ನನ್ನನ್ನು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಮಗಳು, “ಏನೂ ಆಗ್ಲಿಲ್ಲ ಅಪ್ಪ. ಅಮ್ಮನೂ ಭಾಳ ಛಲೋ ಮಾಡಿದಳು,” ಎಂದು ವಡಾಪಾವ್ ಕಚ್ಚಿದಳು. ನಾನು ಅವಳ ಮುಖ ನೋಡಿದೆ. ಅವಳು ಮೆಣಸಿನಕಾಯಿ ಹುಡುಕುತ್ತಿದ್ದಳು.

ವಾಪಸು ಬರುವಾಗ ಲೋಣಾವಳಾದಲ್ಲಿ ಗಂಡ ಚಿಕ್ಕಿ ತರಲು ಅಂಗಡಿಗೆ ಹೋದರು. ಕಾರಿನಲ್ಲಿ ನಾವಿಬ್ಬರೇ. “ಫಾರ್ಮ್ ತಂದೀಯೇನು?” ಎಂದೆ. ಅವಳು ಚೀಲದಿಂದ ತೆಗೆದಳು, ಪೆನ್ನೂ ತೆಗೆದಳು. ತೊಡೆಯ ಮೇಲಿಟ್ಟುಕೊಂಡು ಸಹಿ ಮಾಡಿದೆ. ಅವಳು ಕಿರುಚಿ ನನ್ನ ಕುತ್ತಿಗೆಗೆ ಜೋತುಬಿದ್ದಳು, ಸೀಟು ಅಲ್ಲಾಡಿತು. ನನಗೂ ನನ್ನ ದೊಡ್ಡತನಕ್ಕೆ ಖುಷಿಯೋ ಖುಷಿ. ಆ ಖುಷಿಯಲ್ಲೇ ಕೇಳಿದೆ, “ಅಲ್ಲಽ, ಮ್ಯಾಲ ನಾ ಮಾಡಿದ್ದು ಅಪ್ಪಗ ಯಾಕ ಹೇಳಲಿಲ್ಲ ನೀ?”

ಅವಳು ಫಾರ್ಮನ್ನು ಮಡಚಿ ಚೀಲಕ್ಕೆ ಹಾಕುತ್ತಿದ್ದಳು. ತಲೆ ಎತ್ತಲಿಲ್ಲ.

“ನೀ ಅಷ್ಟು ನಕ್ಕಿದ್ದು ನಾ ಎಂದೂ ನೋಡಿದ್ದಿಲ್ಲ. ಹೇಳಿದ್ರ ನಿನ್ನ ಯಾರೂ ಇನ್ನೊಮ್ಮೆ ಹತ್ತಗೊಡತಿದ್ದಿಲ್ಲಲ್ಲ, ಅದಕ್ಕ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಚುಚ್ಚುಮಾತೂ ಅಲ್ಲ. ಒಂದು ತಪ್ಪಾದರೆ ನಮ್ಮ ಮನೆಯಲ್ಲಿ ಎಲ್ಲ ಬಂದ್ ಆಗುತ್ತದೆಂದು ಅವಳಿಗೆ ಗೊತ್ತಿತ್ತು, ಅಷ್ಟೇ. ನನಗೆ ಮೈಯೆಲ್ಲ ನಾಚಿಕೆಯಾಯಿತು, ಕಿಟಕಿಯ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡೆ. ಗಂಡ ಚಿಕ್ಕಿಯ ಪೊಟ್ಟಣ ಹಿಡಿದು ಬಂದು ಕೂತರು. ಅವರು ಕಾರು ಸುರು ಮಾಡುವ ಮೊದಲೇ ನಾನು ಎಲ್ಲ ಹೇಳಿಬಿಟ್ಟೆ.