ಅಣ್ಣನ ಹೆಸರಿನ ನೋಟ್‌ಬುಕ್

ಹೆಣ್ಣುಮಕ್ಕಳು ತಾವಾಗಿಯೇ ಕಲಿಯುವುದಿಲ್ಲ ಎಂದು ಶಿಕ್ಷಕರ ಸಭೆಯಲ್ಲಿ ಹೇಳಿದವಳು ನಾನೇ. "ಹುಡುಗ್ರಿಗೆ ಫೋನ್ ಕೊಟ್ರೆ ಸಾಕು, ತಾವೇ ಹುಡುಕ್ಕೊಂಡು ಕಲ್ತುಬಿಡ್ತಾರೆ. ಹುಡುಗೀರಿಗೆ ತುತ್ತು ಮಾಡಿ ಬಾಯಿಗಿಡ್ಬೇಕು," ಎಂದಿದ್ದೆ. ಎಲ್ಲರೂ ತಲೆಯಾಡಿಸಿದ್ದರು. ನನ್ನ ಬಾಯಿಗೆ ಹುಳ ಬೀಳಲಿ!

ಶಾಲೆ ಮುಚ್ಚಿ ಆನ್‌ಲೈನ್ ಪಾಠ ನಡೆಯುತ್ತಿದ್ದ ವರ್ಷ ಅದು. ಕಗ್ಗದಾಸಪುರದ ಶಾಲೆಯೊಂದರಲ್ಲಿ ಒಂಬತ್ತನೇ ತರಗತಿಗೆ ಗಣಿತ ಹೇಳುತ್ತಿದ್ದೆ. ಕಲಬುರಗಿ ಕಡೆಯಿಂದ ಬಂದ ಗಾರೆ ಕೆಲಸದವರೊಬ್ಬರ ಮಗ, ಮಗಳು ಇಬ್ಬರೂ ಅದೇ ತರಗತಿ. ಅವಳಿಗಿಂತ ಅವನು ಒಂದು ವರ್ಷ ದೊಡ್ಡವನು. ಊರು ಬಿಟ್ಟು ಬಂದಾಗ ಒಟ್ಟಿಗೆ ಸೇರಿಸಿದ್ದರು. ಮನೆಗೆಲ್ಲ ಒಂದೇ ಫೋನು, ಅದೂ ಹುಡುಗನ ಕೈಯಲ್ಲಿ. ನಂಬರನ್ನು ಅವನ ಹೆಸರಿನಲ್ಲೇ ಉಳಿಸಿಕೊಂಡಿದ್ದೆ. ದಿನವೂ ಸಂಜೆ ಆ ನಂಬರಿನಿಂದ ಮನೆಲೆಕ್ಕದ ಫೋಟೊ ಬರುತ್ತಿತ್ತು. ನಾನು ಇನ್ನೂ ಪಾಠ ಮಾಡದ ಲೆಕ್ಕಗಳೂ ಇರುತ್ತಿದ್ದವು. ಅಬ್ಬಾ, ಎಂಥಾ ಹುಡುಗ! ಗ್ರೂಪಿನಲ್ಲಿ ಹೊಗಳಿದ್ದೇ ಹೊಗಳಿದ್ದು. ತಂಗಿಯ ಹೆಸರಿನಲ್ಲಿ ಒಂದು ಹಾಳೆಯೂ ಬರಲಿಲ್ಲ.

ನನಗೆ ರೇಗಿತು. ಒಂದು ದಿನ ಫೋನ್ ಮಾಡಿದರೆ ಅವಳೇ ಎತ್ತಿದಳು. ಹಿಂದೆ ಕುಕ್ಕರ್ ಕೂಗುತ್ತಿತ್ತು.

"ಅಣ್ಣನ್ನ ನೋಡಿ ಕಲ್ತ್ಕೋಬಾರ್ದೇನೇ? ಇಡೀ ದಿನ ಏನ್ ಮಾಡ್ತಿರ್ತೀಯ?"

"ಆಯ್ತ್ರಿ ಮಿಸ್," ಎಂದಳು, ಅಷ್ಟೇ.

ಆಮೇಲೆ ಅವರಪ್ಪನಿಗೂ ಹೇಳಿದೆ: "ಮಗನ ಯೋಚ್ನೆ ಬಿಡಿ. ಮಗಳಿಗೇ ಓದೋದ್ರಲ್ಲಿ ಮನಸ್ಸಿಲ್ಲ." ಹಾಗೆ ಹೇಳಿದರೆ ಅವಳನ್ನು ಗದರಿಸಿ ಓದಲು ಕೂರಿಸುತ್ತಾರೆ ಎಂದುಕೊಂಡಿದ್ದೆ.

ಶಾಲೆ ತೆರೆದಾಗ ಹುಡುಗ ಒಬ್ಬನೇ ಬಂದ. ಅವನು ಕಳಿಸಿದ್ದ ಲೆಕ್ಕವನ್ನೇ ಬೋರ್ಡಿನ ಮೇಲೆ ಬಿಡಿಸು ಎಂದರೆ ಸೀಮೆಸುಣ್ಣ ಹಿಡಿದು ನಿಂತೇ ಇದ್ದ. ಗದರಿದೆ.

"ಅವೆಲ್ಲಾ ತಂಗಿ ಬರ್ದಿದ್ದು ಮಿಸ್. ಅಡಿಗಿ ಮುಗಿಸಿ, ವಿಡಿಯೊ ನೋಡಿ ನನ್ನ ನೋಟ್‌ಬುಕ್ಕಿನ್ಯಾಗ ಬರೀತಿದ್ಳು. ತನ್ನದ್ರಾಗ ಮತ್ತೊಮ್ಮೆ ಬರಿಲಿಕ್ಕ ಆಕಿಗೆ ಟೈಮ್ ಸಿಗ್ತಿರ್ಲಿಲ್ರಿ."

ಅವತ್ತು ಸಂಜೆಯೇ ಅವರ ಬಾಡಿಗೆ ಕೋಣೆಗೆ ಓಡಿದೆ. ಅಪ್ಪ ಎದ್ದು ನಿಂತು, ಕುರ್ಚಿ ಒರೆಸಿ ಕೊಟ್ಟರು. ಬರೆದವಳು ಅವಳು, ತಪ್ಪು ತಿಳಿದವಳು ನಾನು, ದಯವಿಟ್ಟು ಶಾಲೆಗೆ ಕಳಿಸಿ ಎಂದು ಬೇಡಿಕೊಂಡೆ.

"ಓದಿನ್ಯಾಗ ಮನಸಿಲ್ಲಂತ ನೀವೇ ಅಂದ್ರಲ್ರಿ ಮೇಡಂ? ಅದಕ್ಕ ಇಂದಿರಾನಗರದಾಗ ಮನಿಕೆಲ್ಸಕ್ಕ ಹಚ್ಚೀವಿ. ಆಕಿ ದುಡಿಮಿ ಮ್ಯಾಲ ಮಗನ್ನ ಟ್ಯೂಷನ್ನಿಗೆ ಹಾಕೀವ್ರಿ, ಅವ ಛಂದ ಓದ್ತಾನಂತ ನೀವೇ ಅಂದಿದ್ರಿ. ಈಗ ಹೆಂಗ ಬಿಡಿಸೋದ್ರಿ?"

ಅವರ ಮಾತಿನಲ್ಲಿ ಕೊಂಕಿರಲಿಲ್ಲ. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರಲ್ಲ, ನಾನು ಆಡಿದ ಮಾತಿಗೆ ಹೋದದ್ದು ಅವಳ ಓದು.

ಅಷ್ಟರಲ್ಲಿ ಅವಳು ಕೆಲಸ ಮುಗಿಸಿ ಬಂದಳು. ಬೆರಳ ತುದಿಗಳು ನೀರಲ್ಲಿ ನೆನೆದು ಬಿಳಿಚಿಕೊಂಡಿದ್ದವು. ನನ್ನನ್ನು ನೋಡಿದವಳೇ ಕೇಳಿದಳು:

"ಕಡೀಗೆ ಕಳ್ಸಿದ್ದ ಆ ಪ್ರಮೇಯ ಸರಿ ಇತ್ತೇನ್ರಿ ಮಿಸ್? ಅಣ್ಣ ಹೇಳಲೇ ಇಲ್ಲ."

"ಪೂರ್ತಿ ಸರಿ ಇತ್ತು ಕಣೇ," ಎಂದೆ.

ಅವಳು ನಕ್ಕಳು. ಆ ನಗುವನ್ನು ನೋಡಲಾಗದೆ ನಾನು ಎದ್ದು ಬಂದೆ.