ಚರಗ ಚೆಲ್ಲದ ದೊಡ್ಡವ್ವ

ದೊಡ್ಡವ್ವನ ಮೂಗು ಉದ್ದ, ತುದಿಯಲ್ಲಿ ಸ್ವಲ್ಪ ಸೊಟ್ಟ. ಏನೇ ಮನೆಯೊಳಗೆ ಬರಬೇಕಾದರೂ ಆ ಮೂಗಿನ ಮುಂದೆ ಹಾದೇ ಬರಬೇಕು. ಬೀಜದ ಚೀಲ, ಗೊಬ್ಬರ, ನಾನು ಒಯ್ದ ಧಾರವಾಡ ಫೇಡೆ, ಎಲ್ಲವನ್ನೂ ಮೂಸಿ, "ಇದರಾಗ ಏನರೆ ಹಾಕ್ಯಾರ" ಎನ್ನುತ್ತಿದ್ದಳು. ಫೇಡೆಯನ್ನು ಮಾತ್ರ ಹಾಗೆಂದ ಮೇಲೂ ತಿನ್ನುತ್ತಿದ್ದಳು.

ಎಳ್ಳಮಾವಾಸ್ಯೆಗೆ ಶಿರಗುಪ್ಪಿಯ ಹೊಲದಲ್ಲಿ ಚರಗ ಚೆಲ್ಲುವವಳು ಅವಳೇ. ಅಡಿಗೆಯ ಮೊದಲ ಪಾಲನ್ನು ಹೊಲದ ತುಂಬ ಚೆಲ್ಲಿ, ಭೂಮಿಗೆ, ಹಕ್ಕಿಗೆ, ಇರುವೆಗೆ, ಇಲಿಗೆ ಉಣಿಸಿದ ಮೇಲೆಯೇ ನಮ್ಮ ಊಟ. ಇಲಿಗೂ ಹೋಳಿಗೆಯೇ ಎಂದು ನಾನು ನಗುತ್ತಿದ್ದೆ.

"ಹೊಲ ಅವರದೂ ಐತಿ. ಬಿತ್ತಿದ್ದಷ್ಟ ನಾವು," ಎನ್ನುತ್ತಿದ್ದಳು.

ಇದೆಲ್ಲ ಹಬ್ಬದ ದಿನಕ್ಕಷ್ಟೇ ಆಡುವ ಮಾತು ಎಂಬುದು ನನ್ನ ಗುಮಾನಿ.

ಒಂದು ವರ್ಷ ನಾವು ಬನ್ನಿ ಗಿಡದ ಕೆಳಗೆ ಬುತ್ತಿ ಬಿಚ್ಚುವಷ್ಟರಲ್ಲಿ ಅವಳು ಬದುವಿನ ಮೇಲೆ ಸುತ್ತಾಡಿ ಬಂದಳು.

"ಬಿಲದ ಬಾಯಾಗ ಹೊಸಾ ಮಣ್ಣಿಲ್ಲ. ಇಲಿ ಎಲ್ಲಿ ಹೋದವು?"

ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದಳು. ಏನೂ ಮಾಡದ ನಾನೂ ತಲೆ ತಗ್ಗಿಸಿದೆ. ಕೊನೆಗೆ ದೊಡ್ಡಪ್ಪನ ಮುಂದೆ ನಿಂತಳು.

"ಏನ ಹಾಕೀರಿ, ಹೇಳ್ರಿ."

"ಕಡ್ಲಿ ಗಿಡಾ ಕಡದ ಹಾಕಾಕತ್ತಿದ್ವು. ಬಿಲದಾಗ ಒಂದೀಟ ಔಷಧ ಇಟ್ಟೆ," ಎಂದರು ದೊಡ್ಡಪ್ಪ. "ನಮ್ಮ ಬೆಳಿ ಉಳಿಸ್ಕೋಬಾರದೇನು?"

"ಉಳಿಸ್ಕೋರಿ. ಆದರ ವಿಷಾ ಇಟ್ಟಲ್ಲೇ ಉಣ್ಣಾಕ ಬರ್ರಿ ಅಂತ ನಾ ಹೆಂಗ ಕರೀಲಿ? ಮನಿಗೆ ಕರದ ಕೊಂದಂಗ ಆಗೂದಿಲ್ಲೇನು?"

ಚರಗದ ಗಡಿಗೆಗೆ ಬಟ್ಟೆ ಕಟ್ಟಿಬಿಟ್ಟಳು. ಚರಗ ಚೆಲ್ಲದೆ ಉಣ್ಣುವಂತಿಲ್ಲ. ಬಿಚ್ಚಿದ ಬುತ್ತಿಯನ್ನು ಮತ್ತೆ ಕಟ್ಟಿಕೊಂಡು ಊರಿಗೆ ಬಂದೆವು. ಹೊಟ್ಟೆ ಹಸಿದು ಅವಳ ಮೇಲೆ ಸಿಟ್ಟು ಬಂದಿತ್ತು, ಆದರೆ ಅವಳ ಮಾತಿನ ಮೇಲಿದ್ದ ಗುಮಾನಿ ಅಂದೇ ಹೋಯಿತು.

ಮುಂದಿನ ಮಳೆಗಾಲದಲ್ಲಿ ದೊಡ್ಡವ್ವ ತೀರಿಕೊಂಡಳು. ಎಳ್ಳಮಾವಾಸ್ಯೆಗೆ ಗಡಿಗೆ ದೊಡ್ಡಪ್ಪನ ಕೈಗೆ ಬಂತು. ನಾನು ಕೇಳುವ ಮೊದಲೇ, "ಈ ಸಲ ಏನೂ ಹಾಕಿಲ್ಲೋ ತಮ್ಮಾ" ಎಂದರು.

ದೊಡ್ಡಪ್ಪನೆಂದರೆ ನನಗೆ ಪ್ರೀತಿ. ಆದರೂ ನಂಬಿಕೆ ಬರಲಿಲ್ಲ. ದೊಡ್ಡವ್ವ ನನಗೆ ಬಿಟ್ಟುಹೋದದ್ದು ಈ ಸಂಶಯ ಒಂದೇ, ಅದರ ಋಣ ತೀರುವಂಥದ್ದಲ್ಲ.

"ಒಂದ ಸುತ್ತು ಹಾಕಿ ಬರ್ತೇನ್ರಿ. ಅಲ್ಲೀತನಾ ಚೆಲ್ಲಬ್ಯಾಡ್ರಿ" ಎಂದು ಹೇಳಿ ಬಿಲಗಳ ಕಡೆ ನಡೆದೆ.