ನಲ್ಲಿಮೂಳೆಯ ಸಾಕ್ಷಿ

ಬೆಸಗರಹಳ್ಳಿಯ ಮರಿಸಿದ್ದಯ್ಯನಿಗೆ ಮನುಷ್ಯರ ಹೆಸರು ನೆನಪಿರುವುದಿಲ್ಲ, ಅವರಿಗೆ ಬಡಿಸಿದ ತುಂಡು ನೆನಪಿರುತ್ತದೆ. ಇರುವುದು ಇಷ್ಟೇ. ಆದರೆ ಮದ್ದೂರಿನಿಂದ ಮಳವಳ್ಳಿಯವರೆಗೆ ಇದು ಬೆಳೆದ ಪರಿ ನೋಡಬೇಕು. ಸತ್ತ ಸೋದರಮಾವ ಕನಸಿನಲ್ಲಿ ಬಂದರೂ, 'ನಿಮಗೆ ಬಿದ್ದಿದ್ದು ಪಕ್ಕೆಲುಬು ಅಲ್ವಾ' ಎಂದು ಕೇಳಿಯೇ ಒಳಗೆ ಬಿಡುತ್ತಾನಂತೆ. ಜನಗಣತಿಯವರು ಊರಿನ ತಲೆ ಎಣಿಸಿ ತಪ್ಪಿದಾಗ ಇವನು ಮೂಳೆ ಎಣಿಸಿ ತಿದ್ದಿಕೊಟ್ಟನಂತೆ. ಚಿತ್ರಗುಪ್ತ ರಜೆ ಹಾಕಿದ ದಿನ ಆ ಕುರ್ಚಿಗೆ ಇವನನ್ನೇ ಕರೆಸುತ್ತಾರೆ ಎಂದು ನಂಬುವವರು ಶಿವಪುರದಲ್ಲಿ ಏಳು ಜನ ಇದ್ದಾರೆ. ಅವರಲ್ಲಿ ಇಬ್ಬರು ಕುಡಿಯುವುದೂ ಇಲ್ಲ.

ಮರಿಸಿದ್ದಯ್ಯ ಬಾಡೂಟದ ಅಡುಗೆಯವನು. ವಯಸ್ಸು ಐವತ್ತೆಂಟು, ಗಿಡ್ಡ ಆಳು, ಹೊಗೆ ಕುಡಿದು ಸದಾ ಕೆಂಪಾದ ಕಣ್ಣು. ಒಂದೇ ಹಂಡೆಯಲ್ಲಿ ಇನ್ನೂರು ಮುದ್ದೆಗೆ ಹಿಟ್ಟು ತೊಳಸುವ ಅವನ ಬಲಗೈಯನ್ನು ನಂಬಿ ಮದುವೆಯ ದಿನ ಗೊತ್ತು ಮಾಡಿದವರಿದ್ದಾರೆ. ಹೆಂಡತಿ ರೇವಮ್ಮ ಮಸಾಲೆ ರುಬ್ಬುತ್ತಾಳೆ, ಅವನನ್ನೂ ರುಬ್ಬುತ್ತಾಳೆ.

ನಮ್ಮ ಕಡೆ ಬಾಡೂಟದ ಮೊದಲ ಎಲೆ ಎಂದರೆ ಸಿಂಹಾಸನ. ಅಲ್ಲಿ ಕೂತವನಿಗೇ ಮೊದಲ ನಲ್ಲಿಮೂಳೆ, ಸಭೆಗೆಲ್ಲ ಕೇಳುವಂತೆ ಅದರ ಮಜ್ಜೆಯನ್ನು ಸೊರ್ರೆಂದು ಹೀರುವ ಹಕ್ಕು. ಈ ಹಕ್ಕು ತಪ್ಪಿದ್ದಕ್ಕೆ ನಿಂತುಹೋದ ಮದುವೆಗಳಿವೆ. ಕುಡುಗೋಲು ಹಿಡಿದ ಅಣ್ಣತಮ್ಮಂದಿರಿದ್ದಾರೆ. ಒಬ್ಬನ ಕಿವಿ ಮಾರನೆಯ ದಿನ ಇನ್ನೊಬ್ಬನ ಗದ್ದೆಯಲ್ಲಿ ಸಿಕ್ಕಿದ್ದೂ ಉಂಟು.

ಮೂರು ವರ್ಷದ ಹಿಂದೆ ಮಳವಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ಕುಡಿಯುವ ನೀರಿನ ಹೊಸ ಟ್ಯಾಂಕು, ಮೊದಲ ಸಲ ತುಂಬಿಸಿದ ದಿನವೇ ಕುಸಿದು ಬಿತ್ತು. ವಾಲ್ವ್ ತಿರುಗಿಸುತ್ತಿದ್ದ ಕೆಂಪಸಿದ್ದಯ್ಯನ ಎರಡೂ ಕಾಲು ಅದರಡಿಯಲ್ಲಿ ಜಜ್ಜಿಹೋದವು. ಸಿಮೆಂಟಿಗೆಂದು ಬಂದ ದುಡ್ಡನ್ನು ಮೂವರು ಹಂಚಿಕೊಂಡಿದ್ದಾರೆ ಎಂದಿತು ತನಿಖೆ. ಹಂಚಿಕೊಂಡದ್ದು ಶಿವಪುರದ ಹತ್ತಿರ ಒಂದು ತೆಂಗಿನ ತೋಟದಲ್ಲಿ, ಬಾಡೂಟದ ನಡುವೆ. ಅಡುಗೆ ನಮ್ಮ ಮರಿಸಿದ್ದಯ್ಯನದು.

ಮಂಡ್ಯದ ಕೋರ್ಟಿನಲ್ಲಿ ಮೂವರೂ ತಪ್ಪನ್ನು ಮುಟ್ಟಿದರೆ ಸುಡುತ್ತದೆ ಎಂಬಂತೆ ಪಕ್ಕದವನ ಮಡಿಲಿಗೆ ಹಾಕುತ್ತಾ ಹೋದರು. ಪಂಚಾಯಿತಿಯ ಮಾಜಿ ಅಧ್ಯಕ್ಷ ಚೌಡಯ್ಯ, ಆ ತೋಟದ ದಾರಿಯೇ ನನಗೆ ಗೊತ್ತಿಲ್ಲ ಎಂದ. ಎಂಜಿನಿಯರ್ ಸ್ವರೂಪ್, ಅಧ್ಯಕ್ಷರು ಬೆರಳಿಟ್ಟ ಕಡೆ ಸಹಿ ಹಾಕಿದೆ ಎಂದ. ಗುತ್ತಿಗೆದಾರ ನಾಗೇಶ್, ಎಂಜಿನಿಯರು ಹೇಳಿದಷ್ಟೇ ಮರಳು ಹಾಕಿಸಿದೆ ಎಂದ. ಸುತ್ತಿ ಸುತ್ತಿ ಸುಸ್ತಾದ ತಪ್ಪು ಕೊನೆಗೆ ಅಡುಗೆಯವನ ಪಾತ್ರೆ ಕೋಣೆಗೆ ಬಂದು ಕೂತಿತು. ತೋಟದಿಂದ ಪಾತ್ರೆಗಳ ಜೊತೆ ಬಂದಿದ್ದ ದುಡ್ಡಿನ ಖಾಲಿ ಚೀಲ ಸಿಕ್ಕಿದ್ದು ಅಲ್ಲಿಯೇ, ಹಂಡೆಗಳ ಸಂದಿಯಲ್ಲಿ. 'ತಂದವನೂ ಅವನೇ, ನುಂಗಿದವನೂ ಅವನೇ' ಎಂದು ಮೂವರ ವಕೀಲರೂ ಒಂದೇ ರಾಗ ಎತ್ತಿದರು. ಮೂವರನ್ನೂ ಒಟ್ಟಿಗೆ ಕಂಡವನು ಮರಿಸಿದ್ದಯ್ಯ ಒಬ್ಬನೇ. ಅವನು ಬಾಯಿ ಬಿಡದಿದ್ದರೆ ಅವರು ಮನೆಗೆ, ಇವನು ಜೈಲಿಗೆ.

ಸಾಕ್ಷಿಯ ದಿನ ಬೆಳಿಗ್ಗೆ ಗುತ್ತಲಿನಲ್ಲಿ ಬೀಗರೂಟದ ಅಡುಗೆ ಇತ್ತು. ಒಪ್ಪಿಕೊಂಡ ಒಲೆಯನ್ನು ಬಿಡುವುದು ಹೇಗೆ? ಛತ್ರದ ಹಿಂಭಾಗದಲ್ಲಿ ಸಾರು ಕುದಿಯುತ್ತಿತ್ತು. ಆಗ ಚೌಡಯ್ಯನ ಅಕ್ಕನ ಮಗ ಅಪ್ಪು, ಇಬ್ಬರು ದಾಂಡಿಗರನ್ನು ಕಟ್ಟಿಕೊಂಡು ಕಾಂಪೌಂಡ್ ಹಾರಿ ಬಂದ.

"ಏನ್ಲಾ ಮುದ್ಕ, ಕೋರ್ಟ್‌ಗೋಯ್ತೀಯಂತೆ?"

"ಸಾರು ಇಳ್ಸಿ ಓಯ್ತೀನಿ."

"ಯಾರೂ ಗ್ಯಾಪ್ನ ಇಲ್ಲ ಅನ್ನು. ಚೀಲ ನಂದೇ ಅನ್ನು."

"ನೀನು ಗ್ಯಾಪ್ನ ಇದ್ದೀಯ ಕಣ್ಲಾ. ನಿಮ್ಮಕ್ಕನ ಮದ್ವೇಲಿ ಬೋಟಿ ಮೂರ್ ಕಿತ ಆಕುಸ್ಕಂಡೆ. ಆಮೇಲೆ ಬೇಲಿ ಸಂದೀಲಿ ಕಕ್ಕೊಂಡೆ."

ಅಪ್ಪುವಿನ ಒದೆ ಎದೆಗೆ ಬಿತ್ತು. ಅಲ್ಲಿಂದ ಶುರುವಾಯಿತು ನೋಡಿ ಗುತ್ತಲು ಮಹಾಸಂಗ್ರಾಮ. ಮರಿಸಿದ್ದಯ್ಯ ಬಿದ್ದಲ್ಲಿಂದಲೇ ಮುದ್ದೆ ಕೋಲು ಬೀಸಿದ. ಮೊದಲ ದಾಂಡಿಗನ ಎರಡು ಹಲ್ಲು ಹಾರಿ ಹೆಚ್ಚಿಟ್ಟ ಈರುಳ್ಳಿಯ ರಾಶಿಗೆ ಸೇರಿದವು. ಎರಡನೆಯವನ ಮೊಣಕಾಲಿಗೆ ಕುದಿಯುವ ಸಾರು ಒಂದು ಸೌಟು ಬಿತ್ತು. ಅವನು ಅಲ್ಲೇ ಕುಣಿದ ಕುಣಿತವನ್ನು ಯಾವ ಜಾತ್ರೆಯ ಪೂಜಾಕುಣಿತವೂ ಮುಟ್ಟಲಾರದು. ಆದರೆ ಮೂವರು ಮೂವರೇ. ಕೆಡವಿಕೊಂಡು ಪಕ್ಕೆಗೆ ಒದ್ದರು, ಮುಖವನ್ನು ನೆಲಕ್ಕೆ ಉಜ್ಜಿದರು. ಕೊನೆಗೆ ಅಪ್ಪು ಅವನ ಬಲಗೈಯನ್ನು ರುಬ್ಬುಗಲ್ಲಿನ ಮೇಲೆ ಚಾಚಿಸಿ, ಗುಂಡುಕಲ್ಲನ್ನು ಎತ್ತಿ ಹಾಕಿದ. ಕಬ್ಬಿನ ಜಲ್ಲೆ ಮುರಿದಂತೆ ಸದ್ದಾಯಿತು. ಎರಡನೆಯ ಸಲ ಎತ್ತಿದಾಗ ಆ ಸದ್ದೂ ಬರಲಿಲ್ಲ, ಮೆತ್ತಗಾಗಿತ್ತು.

ಮೂರನೆಯ ಸಲಕ್ಕೆ ರೇವಮ್ಮ ಬಂದಳು. ಮೊರದ ತುಂಬ ಇದ್ದ ಖಾರದ ಪುಡಿಯನ್ನು ಮೂವರ ಕಣ್ಣಿಗೂ ಧಾರಾಳವಾಗಿ ಹಂಚಿದಳು. "ನಿಮ್ ವಂಸ ನಿರ್ವಂಸ ಆಗ! ಅನ್ನ ಬೇಯ್ಸೋ ಕೈ ಮ್ಯಾಲಾ ಕಲ್ಲಾಕ್ತೀರಿ?" ಕುರುಡಾದ ಅಪ್ಪು ಓಡಿದ್ದು ನೇರ ಒಲೆಯ ಕಡೆಗೆ. ಪ್ಯಾಂಟಿಗೆ ಬೆಂಕಿ ಹತ್ತಿ ಅವನೂ, ಹಿಂದೆಯೇ ದಾಂಡಿಗರೂ ಬೀದಿಗೆ ಓಡಿದಾಗ ನಾಯಿಗಳೂ ದಾರಿ ಬಿಟ್ಟವು.

ರೇವಮ್ಮ ಗಂಡನ ಕೈಗೆ ಟವಲ್ ಸುತ್ತಿದಳು. ಸುತ್ತುವಷ್ಟರಲ್ಲೇ ಅದು ಕೆಂಪಾಯಿತು.

"ಆಸ್ಪತ್ರೆಗೆ ನಡಿ."

"ಅನ್ನೊಂದ್ ಗಂಟೆಗೆ ಕೋರ್ಟಲ್ಲಿ ಎಸ್ರು ಕೂಗ್ತಾರೆ ಕಣಮ್ಮಿ. ಮುಗಿಸ್ಕಂಡು ಓಯ್ತೀನಿ. ಸಾರ್ಗೆ ಉಪ್ಪಾಕಿಲ್ಲ, ಆಕ್ಬುಡು. ಈರುಳ್ಳೀನ ಒಂದ್ ಕಿತ ನೋಡು, ಅವನ ಅಲ್ಲು ಇದ್ದಾವು."

ಆಟೋ ಹತ್ತಿ ಹೋದವನು ಕಟಕಟೆಯಲ್ಲಿ ನಿಂತಾಗ ಟವಲಿನಿಂದ ತೊಟ್ಟು ತೊಟ್ಟಾಗಿ ರಕ್ತ ನೆಲಕ್ಕೆ ಬೀಳುತ್ತಿತ್ತು. ನ್ಯಾಯಾಧೀಶರು, ಮೊದಲು ಚಿಕಿತ್ಸೆ ಮಾಡಿಸಿಕೊಳ್ಳಿ, ಬೇರೆ ದಿನ ಕೊಡೋಣ ಎಂದರು. "ಬ್ಯಾಡಿ ಸಾಮಿ, ಇನ್ನೊಂದ್ ಕಿತ ಬರಕಾಗಕಿಲ್ಲ" ಎಂದ. ಚೌಡಯ್ಯನ ವಕೀಲರು ಮೀಸೆಯಲ್ಲೇ ನಕ್ಕರು.

"ಮೂರು ವರ್ಷದ ಹಿಂದಿನ ಊಟಕ್ಕೆ ಯಾರು ಬಂದಿದ್ದರು ಅಂತ ಹೇಗಪ್ಪಾ ಹೇಳ್ತೀಯ? ಇವರ ಹೆಸರಾದರೂ ಗೊತ್ತಾ?"

"ಎಸ್ರು ಗೊತ್ತಿಲ್ಲ ಸಾಮಿ. ಎಲೆ ಗೊತ್ತು. ಮೊದ್ಲನೇ ಎಲೆ ಆ ಕಂಟ್ರಾಕ್ಟ್ರುದು, ಎಲ್ಡು ನಲ್ಲಿಮೂಳೆ. ಕನ್ನಡಕದೋರು ಮೂಳೆ ಬ್ಯಾಡ ಅಂದ್ರು, ಲಿವರ್ ಆಕ್ದೆ. ಈ ಬಿಳಿ ಪಂಚೆಯೋರು ಕಡೇಗೆ ಬಂದ್ರು. ನಲ್ಲಿ ಕಾಲಿಯಾಗಿತ್ತು, ಕತ್ತಿನ ಮೂಳೆ ಆಕ್ದೆ."

ಬಿಳಿ ಪಂಚೆಯ ಚೌಡಯ್ಯ ಎದ್ದು ನಿಂತ. ವಕೀಲರು ಅವನ ಅಂಗಿಯ ಚುಂಗು ಹಿಡಿದೆಳೆದರು. ಅಂಗಿ ಹರಿಯಿತು, ಚೌಡಯ್ಯ ಕೂರಲಿಲ್ಲ.

"ಕತ್ತಿನ ಮೂಳೆಯಾ? ನಂಗಾ? ಮುಚ್ಲಾ ಬಾಯಿ! ನಾನು ಬರಗಂಟ ಆ ತೋಟ್ದಲ್ಲಿ ಯಾವನ್ಗೂ ಎಲೆ ಆಕಿರ್ಲಿಲ್ಲ! ಮೊದ್ಲನೇ ನಲ್ಲಿ ನಂದು!"

ದಾರಿಯೇ ಗೊತ್ತಿಲ್ಲ ಎಂದಿದ್ದ ತೋಟ ಹೀಗೆ ಕೋರ್ಟಿನ ನಡುಮಧ್ಯಕ್ಕೆ ಬಂತು. ಟೈಪಿಸ್ಟನ ಬೆರಳು ನಿಂತವು. ನ್ಯಾಯಾಧೀಶರು, ಬರೆದುಕೊಳ್ಳಿ ಎಂದರು. ಅಷ್ಟಕ್ಕೇ ಮುಗಿಯುತ್ತಿತ್ತೋ ಏನೋ, ಆದರೆ ನಾಗೇಶನಿಗೂ ಮಾನ ಎಂಬುದೊಂದಿತ್ತು.

"ಯಾವನ್ದಲೇ ನಿಂದು? ಚೀಲ ಒತ್ಕಂಡು ಬಂದೋನು ನಾನು, ನಲ್ಲಿ ನಿಂಗಾ?"

ಚೌಡಯ್ಯ ಬೆಂಚು ದಾಟಿ ಹಾರಿದ. ಅರವತ್ತೆರಡು ವರ್ಷದ ಆ ಹಾರಾಟಕ್ಕೆ ದೇವತೆಗಳು ಹೂ ಸುರಿಸಬೇಕಿತ್ತು, ಸುರಿದದ್ದು ನಾಗೇಶನ ಮೂಗಿನ ರಕ್ತ. ನಾಗೇಶ್ ಅವನ ಕಿವಿಯನ್ನು ಹಲ್ಲಿನಿಂದ ಕಚ್ಚಿ ಬಿಡಲೊಲ್ಲ. ಚೌಡಯ್ಯ ಕುರ್ಚಿ ಎತ್ತಿ ಬೀಸಿದರೆ ಅದು ಬಿದ್ದದ್ದು ಸ್ವಂತ ವಕೀಲರ ಭುಜಕ್ಕೆ. ಕೆಳಗುರುಳಿ ಒಬ್ಬರ ತಲೆಯನ್ನು ಒಬ್ಬರು ಕಟಕಟೆಯ ಮರಕ್ಕೆ ಚಚ್ಚಿದರು. ಎಂಜಿನಿಯರ್ ಮೇಜಿನ ಕೆಳಗಿನಿಂದ, "ನಾನು ಬರೀ ಲಿವರ್ ತಿಂದದ್ದು ಸಾರ್, ಬೇರೇನೂ ಗೊತ್ತಿಲ್ಲ" ಎಂದು ಕೂಗುತ್ತಿದ್ದ. ಪೇದೆ ಹೇಮಶ್ರೀ ಲಾಠಿಯಿಂದ ಇಬ್ಬರ ಬೆನ್ನಿಗೂ ತಾರತಮ್ಯವಿಲ್ಲದೆ ಕೊಟ್ಟು ಬಿಡಿಸಿದಾಗ, ಚೌಡಯ್ಯನ ಅರ್ಧ ಕಿವಿ ನಾಗೇಶನ ಬಾಯಲ್ಲಿ ಉಳಿದಿತ್ತು.

ಮೂವರ ಜಾಮೀನೂ ಅಂದೇ ರದ್ದಾಯಿತು. ಅಡುಗೆಯವನ ಮೇಲೆ ಬಂದು ಕೂತಿದ್ದ ತಪ್ಪು ಎದ್ದು ತನ್ನ ಮನೆಗಳಿಗೆ ಹೋಯಿತು.

ದೊಡ್ಡಾಸ್ಪತ್ರೆಯಲ್ಲಿ ವೈದ್ಯರು ಕೈ ನೋಡಿ, ಎರಡು ಬೆರಳು ಉಳಿಯುವುದಿಲ್ಲ, ಉಳಿದದ್ದನ್ನು ನೋಡೋಣ ಎಂದರು. ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದ ಮರಿಸಿದ್ದಯ್ಯನ ಮುಂದೆ ಕೇಬಲ್ ಚಾನೆಲಿನ ವೀಣ ಮೈಕು ಹಿಡಿದು ಬಂದಳು. ಸುತ್ತ ನಲವತ್ತು ಜನ ಸೇರಿದರು. ಒಬ್ಬ ಹಾರವನ್ನೂ ತಂದಿದ್ದ.

"ಯಜಮಾನ್ರೇ, ಕೈ ಜಜ್ಜಿದರೂ ನೀವು ಸತ್ಯ ಬಿಡಲಿಲ್ಲ. ಅಷ್ಟು ದೊಡ್ಡ ಮನುಷ್ಯರ ಎದುರಿಗೆ ನಿಲ್ಲುವ ಧೈರ್ಯ ನಿಮಗೆ ಎಲ್ಲಿಂದ ಬಂತು?"

ಮರಿಸಿದ್ದಯ್ಯ ಮೈಕನ್ನು ನೋಡಿದ, ಟವಲನ್ನು ನೋಡಿಕೊಂಡ.

"ಧೈರ್ಯ ಎಲ್ಬಂತು ಕಣವ್ವ. ಸುಳ್ಳೇಳುದ್ರೆ ಇನ್ನೂ ಕೇಳ್ತಾ ಕೂತ್ಕತಾರೆ, ತಡ ಆಯ್ತದೆ. ಕೈ ನೋಯ್ತಿತ್ತು."